ಗೋಧಿ ಮಾಂಸ ಹುಡುಕಿಕೊಂಡು ಹೊರಟ ಅಂಟಣ್ಣ

ಅಂಟಣ್ಣನಿಗೆ ಆ ಹೆಸರು ಬಂದದ್ದಕ್ಕೆ ಎರಡು ಕಾರಣ ಹೇಳುತ್ತಾರೆ. ದಾಖಲೆಗಳ ಕಚೇರಿಯ ನೆಲಮಾಳಿಗೆಯಲ್ಲಿ ಕೂತು ಮೂವತ್ತು ವರ್ಷದಿಂದ ಹರಿದ ರಿಜಿಸ್ಟರುಗಳಿಗೆ ಹೊಸ ರಟ್ಟು ಕಟ್ಟುತ್ತಿದ್ದಾನಲ್ಲ, ಬೆರಳ ಸಂದಿಯಲ್ಲಿ ಸದಾ ಅಂಟು ಒಣಗಿರುತ್ತದೆ ಎನ್ನುವುದು ಒಂದು. ಊಟಕ್ಕೆ ಕೂತರೆ ಮೇಲೇಳುವುದಿಲ್ಲ ಎನ್ನುವುದು ಇನ್ನೊಂದು. ಎರಡನೆಯದನ್ನು ಬೀದಿಗೆಲ್ಲ ಹಂಚಿದವನು ಅವನ ಹೆಂಡತಿಯ ತಮ್ಮ. ಈ ಭಾಮೈದ ಲಾರಿ ತೂಕ ಹಾಕುವ ಕಟ್ಟೆಯಲ್ಲಿ ಗುಮಾಸ್ತ. ತುಂಬಿದ ಲಾರಿ, ಖಾಲಿ ಲಾರಿ ನೋಡಿ ನೋಡಿ ಮನುಷ್ಯರನ್ನೂ ಅದೇ ಕಣ್ಣಿನಿಂದ ನೋಡುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು. ತಾನು ಮಾತ್ರ ಯಾವ ಭಾನುವಾರವೂ ಅಕ್ಕನ ಮನೆಯಿಂದ ಖಾಲಿ ಹೋದವನಲ್ಲ.

ಭಾನುವಾರದ ಮಾತೇ ಬೇರೆ. ಅಂಟಣ್ಣನ ಹೆಂಡತಿ ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಅಳತೆ ತೆಗೆಯುವವಳು. ಆರು ದಿನ ಕಂಡವರ ಮಕ್ಕಳ ಸೊಂಟ, ತೋಳು, ಎದೆ ಅಳೆದು ಮನೆಗೆ ಬರುವಷ್ಟರಲ್ಲಿ ಅಡುಗೆಗೆಂದು ಅವಳ ಹತ್ತಿರ ಉಳಿಯುತ್ತಿದ್ದದ್ದು ಅರ್ಧ ಗಂಟೆ ಮತ್ತು ಅರ್ಧ ಮನಸ್ಸು. ಭಾನುವಾರ ಮಾತ್ರ ಬೆಳಿಗ್ಗೆ ಎಂಟಕ್ಕೆ ದೊಡ್ಡ ಪಾತ್ರೆ ಒಲೆ ಹತ್ತಿದರೆ ಇಳಿಯುತ್ತಿದ್ದದ್ದು ಮಧ್ಯಾಹ್ನ ಒಂದಕ್ಕೆ. ಮೂಳೆ ಸಮೇತದ ಮೇಕೆ ಮಾಂಸ, ಸುಟ್ಟ ಈರುಳ್ಳಿ, ಕಾಳುಮೆಣಸು, ಜೊತೆಗೆ ಯಾರಿಗೂ ಹೇಳದ ಇನ್ನೇನೋ ಒಂದು. ಅವಳು ಮಾತಿನವಳಲ್ಲ. ಸಿಟ್ಟು ಬಂದ ವಾರ ಖಾರ ಹೆಚ್ಚಾಗುತ್ತಿತ್ತು, ಪ್ರೀತಿ ಬಂದ ವಾರ ಮಜ್ಜೆ ತುಂಬಿದ ನಲ್ಲಿಮೂಳೆ ಅಂಟಣ್ಣನ ತಟ್ಟೆಗೆ ಬೀಳುತ್ತಿತ್ತು. ಮಗಳು ಮದುವೆಯಾಗಿ ಹೋದ ಮೇಲೆ ಗಂಡಹೆಂಡಿರ ನಡುವೆ ನಡೆಯುತ್ತಿದ್ದ ಸಂಭಾಷಣೆಯಲ್ಲಿ ಮುಕ್ಕಾಲು ಪಾಲು ಆ ಪಾತ್ರೆಯ ಮೂಲಕವೇ ನಡೆಯುತ್ತಿತ್ತು.

ಇಂಥ ಹೆಂಡತಿಯ ಮುಂದೆ ನಿಂತು ‘ನಾನಿನ್ನು ಮಾಂಸ ತಿನ್ನೋದಿಲ್ಲ’ ಎನ್ನುವುದು ಹೇಗೆ? ಅಂಟಣ್ಣನ ಸಂಕಟವೆಲ್ಲ ಇಷ್ಟೇ. ಮಾಂಸ ಬಿಡುವುದು ಅವನಿಗೆ ಕಷ್ಟವೆನಿಸಿರಲಿಲ್ಲ, ಆ ಪಾತ್ರೆಯನ್ನು ಬೇಡವೆನ್ನುವುದು ಕಷ್ಟವಾಗಿತ್ತು.

ಯಾಕೆ ಬಿಡಬೇಕಾಗಿತ್ತು ಎಂದು ಕೇಳಿದರೆ ನೀವು ನಗುತ್ತೀರಿ. ನಗುತ್ತೀರೆಂದು ಗೊತ್ತಿದ್ದೇ ಅವನು ಯಾರಿಗೂ ಹೇಳಲಿಲ್ಲ. ಒಂದು ದಿನ ನೆಲಮಾಳಿಗೆಯ ಹಿಂಬಾಗಿಲಿನಿಂದ ಒಂದು ಮೇಕೆ ಒಳಗೆ ಬಂದು, ಆರಲು ಇಟ್ಟಿದ್ದ ರಿಜಿಸ್ಟರಿನ ಬೆನ್ನಿನ ಮೇಲಿದ್ದ ಹಸಿ ಅಂಟನ್ನು ಕಣ್ಣು ಅರೆಮುಚ್ಚಿ ನೆಕ್ಕುತ್ತಿತ್ತು. ಅಂಟಣ್ಣ ಅಳತೆಪಟ್ಟಿ ಹಿಡಿದು ಹೊಡೆಯಲು ಹೋದವನು ಹಾಗೇ ನಿಂತ. ಮೂವತ್ತು ವರ್ಷದಲ್ಲಿ ಏಳು ಜನ ಮೇಲಧಿಕಾರಿಗಳು ಬಂದುಹೋಗಿದ್ದರು. ಅವನ ಅಂಟು ಚೆನ್ನಾಗಿದೆ ಎಂದು ಒಬ್ಬರೂ ಅಂದಿರಲಿಲ್ಲ. ಮಾರನೆಯ ದಿನವೂ ಮೇಕೆ ಬಂತು. ಹನ್ನೊಂದು ದಿನ ಬಂತು. ಅವನು ಅದಕ್ಕೆಂದೇ ಒಂದು ಚಮಚ ಅಂಟು ತೆಗೆದಿಡತೊಡಗಿದ. ಹನ್ನೆರಡನೆಯ ದಿನ ಬರಲಿಲ್ಲ. ಮೂಲೆಯ ಕಸಾಯಿಯ ಅಂಗಡಿಯಲ್ಲಿ ಕಟ್ಟಿರುತ್ತಿದ್ದ ಮೇಕೆ ಅದೆಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಹೆಂಡತಿ ಭಾನುವಾರದ ಮಾಂಸ ತರುತ್ತಿದ್ದದ್ದೂ ಅಲ್ಲಿಂದಲೇ. ಆ ವಾರ ಅವನ ತಟ್ಟೆಗೆ ನಲ್ಲಿಮೂಳೆ ಬಿತ್ತು. ತಿಂದ. ಸುಳ್ಳೇಕೆ, ಇನ್ನೊಂದು ಸಲ ಹಾಕಿಸಿಕೊಂಡೂ ತಿಂದ. ಕೈ ತೊಳೆಯುವಾಗ ಮಾತ್ರ ಬೆರಳ ಸಂದಿಯ ಅಂಟು ಉಜ್ಜುತ್ತ ಬಹಳ ಹೊತ್ತು ನಲ್ಲಿಯ ಮುಂದೆಯೇ ನಿಂತಿದ್ದ.

ಹಾಗೆಂದು ಒಂದೇಟಿಗೆ ಬಿಡಲು ಅವನೇನು ಸನ್ಯಾಸಿಯೇ? ಹಳೆಯ ಪುಸ್ತಕದ ಹಾಳೆಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿದ ಹಾಗೆ ನಿಧಾನವಾಗಿ ಬಿಡುವುದೆಂದು ತೀರ್ಮಾನಿಸಿದ. ಮೊದಲು ಮೀನು ಬಿಟ್ಟ. ಮುಳ್ಳಿನ ಕಾಟಕ್ಕೆ ಮೀನು ಅವನಿಗೆ ಎಂದೂ ಸೇರುತ್ತಿರಲಿಲ್ಲ. ಆಮೇಲೆ ಈಲಿ, ಅಂದರೆ ಲಿವರ್ರು, ಬಿಟ್ಟ. ಅದರ ವಾಸನೆ ಕಂಡರೆ ಅವನಿಗೆ ಚಿಕ್ಕಂದಿನಿಂದ ಆಗದು. ತನಗೆ ಬೇಡವಾದದ್ದನ್ನೆಲ್ಲ ಹೀಗೆ ತ್ಯಾಗ ಮಾಡಿ ಮುಗಿಸುವಷ್ಟರಲ್ಲಿ ಎರಡು ತಿಂಗಳು ಹಿಡಿಯಿತು. ಮೂರನೆಯ ತಿಂಗಳಲ್ಲಿ ಕೋಳಿ, ಮೊಟ್ಟೆ. ಕೊನೆಗೆ ಉಳಿದದ್ದು ಭಾನುವಾರದ ಮೇಕೆ ಒಂದೇ. ಮೇಕೆಗಾಗಿ ಮರುಗಿ ಹಿಡಿದ ವ್ರತವು ಮೇಕೆಯೊಂದನ್ನು ಬಿಟ್ಟು ಲೋಕದ ಉಳಿದೆಲ್ಲ ಪ್ರಾಣಿಗಳನ್ನೂ ಕಾಪಾಡಿತ್ತು.

ಕೋಳಿ ಬಿಟ್ಟ ದಿನ ಹೆಂಡತಿ ಕೇಳಿಯೇಬಿಟ್ಟಳು.

“ಯಾಕ್ರೀ, ತಟ್ಟೇಲಿ ಹಾಗೇ ಬಿಟ್ರಿ?”

“ಡಾಕ್ಟ್ರು ಸ್ವಲ್ಪ ಕಮ್ಮಿ ಮಾಡಿ ಅಂದ್ರು.”

“ಡಾಕ್ಟ್ರ ಹತ್ರ ಯಾವಾಗ ಹೋಗಿದ್ರಿ? ಯಾಕಂತೆ?”

“ಏನಿಲ್ಲ, ಸುಮ್ನೆ. ವಯಸ್ಸಾಯ್ತಲ್ಲ.”

ಅವಳು ಅವನ ಮುಖ ನೋಡಿ, ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಲ್ಲಿಂದಾಚೆಗೆ ಮನೆಯಲ್ಲಿ ಜಗಳವೇ ಇಲ್ಲವಾಯಿತು. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಹಾಕಿದರೂ ಬೈಗುಳವಿಲ್ಲ, ಗ್ಯಾಸ್ ಬುಕ್ ಮಾಡಲು ಮರೆತರೂ ಇಲ್ಲ. ಇನ್ನೂ ದೊಡ್ಡ ಆಶ್ಚರ್ಯವೆಂದರೆ ತರಕಾರಿಗೆ ಬಂದ ರುಚಿ. ಮೂವತ್ತೊಂದು ವರ್ಷ ಒಣ ಹುಲ್ಲಿನಂತಿದ್ದ ಬೀನ್ಸು ಇದ್ದಕ್ಕಿದ್ದಂತೆ ನಾಲಿಗೆಗೆ ಹತ್ತಿತು. ಕೋಸು ಹತ್ತಿತು. ಕುಂಬಳಕಾಯಿಯನ್ನಂತೂ ಅಂಟಣ್ಣ ಎರಡು ಸಲ ಹಾಕಿಸಿಕೊಂಡ. ಇಷ್ಟು ವರ್ಷ ತರಕಾರಿಗೆ ಎಂಥ ಅನ್ಯಾಯ ಮಾಡಿದೆನಪ್ಪಾ ಎಂದು ಮರುಗಿದ. ಕಚೇರಿಯಲ್ಲಿ ಊಟದ ಹೊತ್ತಿಗೆ ಡಬ್ಬಿ ತೆಗೆದು ಎಲ್ಲರಿಗೂ ಉಪದೇಶ ಶುರುಮಾಡಿದ. ಸೊಪ್ಪು ತಿಂದರೆ ಸಿಟ್ಟು ಇಳಿಯುತ್ತದೆ, ನಮ್ಮ ಮನೆಯನ್ನೇ ನೋಡಿ, ಹೆಂಡತಿ ಬೈದು ತಿಂಗಳಾಯಿತು ಎನ್ನುತ್ತಿದ್ದ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ ಎಂದು ಟೈಪಿಸ್ಟು ಗೊಣಗಿದ್ದು ಅವನ ಕಿವಿಗೆ ಬೀಳಲಿಲ್ಲ.

ಈ ಹೊತ್ತಿಗೆ ಸರಿಯಾಗಿ, ಬೈಂಡಿಂಗಿಗೆ ಬಂದಿದ್ದ ಹಳೆಯ ಮಾಸಪತ್ರಿಕೆಗಳ ಕಟ್ಟಿನಲ್ಲಿ ಅವನಿಗೊಂದು ಪುಟ ಸಿಕ್ಕಿತು. ‘ಗೋಧಿಯ ಮಾಂಸ: ಮನೆಯಲ್ಲೇ ಸೇಟನ್ ಮಾಡಿ.’ ನಿಮ್ಮ ಮನೆಯ ಮಾಂಸದ ಮಸಾಲೆಗೆ ಹಾಕಿದರೆ ಮಾಂಸ ತಿನ್ನುವವರಿಗೂ ಗುರುತು ಸಿಗದು ಎಂದು ಬರೆದಿತ್ತು. ಅಂಟಣ್ಣ ಎದ್ದುನಿಂತು ಓದಿದ. ಪಾತ್ರೆ ಅದೇ, ಮಸಾಲೆ ಅದೇ, ಹೆಂಡತಿಯ ಕೈ ಅದೇ. ತುಂಡು ಮಾತ್ರ ಬೇರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರೆ ಇದೇ ಅಲ್ಲವೇ? ಬೇಕಾದ ಸಾಮಾನನ್ನು ಒಂದು ಚೀಟಿಯಲ್ಲಿ ಬರೆದುಕೊಂಡ. ಗೋಧಿಯ ಗ್ಲುಟನ್ ಪುಡಿ, ಸೋಯಾ ಸಾಸ್, ಪೌಷ್ಟಿಕ ಯೀಸ್ಟಿನ ಚಕ್ಕೆ, ಹೊಗೆಯಾಡಿಸಿದ ಮೆಣಸಿನಪುಡಿ, ಕಡಲಪಾಚಿ. ಇವುಗಳಲ್ಲಿ ಸೋಯಾ ಸಾಸ್ ಒಂದನ್ನು ಬಿಟ್ಟರೆ ಉಳಿದವು ತಿನ್ನುವ ವಸ್ತುಗಳೆಂದೇ ಅವನಿಗೆ ಗೊತ್ತಿರಲಿಲ್ಲ.

ಸಂಜೆ ಕಚೇರಿ ಬಿಟ್ಟವನೇ ಹೊಸ ಸೂಪರ್ ಮಾರ್ಕೆಟ್ಟಿಗೆ ಹೋದ. ಅಲ್ಲಿನ ಹುಡುಗಿ ಅವನನ್ನು ಒಂದು ಕಪಾಟಿನ ಮುಂದೆ ನಿಲ್ಲಿಸಿದಳು. ಗ್ಲುಟನ್ ಇಲ್ಲದ ಹಿಟ್ಟು, ಗ್ಲುಟನ್ ಇಲ್ಲದ ಬಿಸ್ಕತ್ತು, ಗ್ಲುಟನ್ ಇಲ್ಲದ ಶಾವಿಗೆ, ಕೊನೆಗೆ ಗ್ಲುಟನ್ ಇಲ್ಲದ ಕುಡಿಯುವ ನೀರು ಕೂಡ ಇತ್ತು.

“ಇಲ್ಲದ್ದು ಬೇಡಮ್ಮ, ಇರೋದು ಬೇಕು,” ಎಂದ ಅಂಟಣ್ಣ.

“ಸರ್, ಅದು ಆರೋಗ್ಯಕ್ಕೆ ಒಳ್ಳೇದಲ್ಲ. ಈಗ ಎಲ್ರೂ ತೆಗೆಸಿಬಿಡ್ತಿದಾರೆ.”

“ತೆಗೆದಿದ್ದನ್ನ ಎಲ್ಲಿ ಹಾಕ್ತಾರೆ?”

ಹುಡುಗಿ ಮ್ಯಾನೇಜರನ್ನು ಕರೆದಳು. ಮ್ಯಾನೇಜರು ತಲೆ ಕೆರೆದುಕೊಂಡು, ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ ಎಂದರು. ಅಂಟಣ್ಣ ಬೀದಿಯ ಕಿರಾಣಿ ಅಂಗಡಿಗಳನ್ನೆಲ್ಲ ಸುತ್ತಿದ. ಹಿಟ್ಟಿನ ಗಿರಣಿಯವನು ಗೋಧಿಯಿಂದ ಕಲ್ಲು ತೆಗೆದುಕೊಡುತ್ತೇನೆ, ಬೇರೆ ಏನನ್ನೂ ತೆಗೆಯುವುದಿಲ್ಲ ಎಂದ. ಮೀನಿನ ಅಂಗಡಿಯವಳು ಕಡಲಪಾಚಿ ಎಂಬ ಮಾತು ಕೇಳಿ, “ಮೀನು ಕೇಳ್ರಿ ಕೊಡ್ತೀನಿ, ಕೊಳೆ ಕೇಳಿದ್ರೆ ಎಲ್ಲಿಂದ ತರ್ಲಿ?” ಎಂದಳು. ಪೌಷ್ಟಿಕ ಯೀಸ್ಟು ಔಷಧಿ ಅಂಗಡಿಯಲ್ಲಿ ಸಿಕ್ಕೀತೆಂದು ಯಾರೋ ಹೇಳಿದರು. ಔಷಧಿ ಅಂಗಡಿ ಇದ್ದದ್ದು ಸಮವಸ್ತ್ರದ ಅಂಗಡಿಯ ಎದುರಿಗೇ. ಅಂಗಡಿಯವರು, “ಬಲ ಬರೋದಕ್ಕಾ? ಬಹಳ ನಿಶ್ಶಕ್ತಿ ಇದೆಯಾ?” ಎಂದು ಮೆಲ್ಲಗೆ ಕೇಳಿದರು. ವಿವರಿಸುವ ತಾಳ್ಮೆಯಿಲ್ಲದೆ ಅಂಟಣ್ಣ ಹೂಂ ಎಂದ. ಒಂದು ಡಬ್ಬಿ ಮಾತ್ರೆ ಕೊಟ್ಟು, ದೇವರು ಒಳ್ಳೇದು ಮಾಡಲಿ ಎಂದು ಹಾರೈಸಿ ಕಳಿಸಿದರು. ಅಂಥ ಹಾರೈಕೆ ಎದುರು ಅಂಗಡಿಯ ಅಳತೆಯಮ್ಮನಿಗೆ ತಲುಪದೇ ಇರುತ್ತದೆಯೇ?

ಎಂಟನೆಯ ಸಂಜೆ ಕಾಲು ಸೋತು ಬೇಕರಿಯ ಬೆಂಚಿನ ಮೇಲೆ ಕುಳಿತಾಗ ಬೇಕರಿಯವರು ಚೀಟಿ ಇಸಿದುಕೊಂಡು ನೋಡಿದರು.

“ಅಯ್ಯೋ, ಇದಕ್ಕೆ ಯಾಕೆ ಊರು ಸುತ್ತುತೀರಿ? ಮೈದಾ ಗಟ್ಟಿಯಾಗಿ ಕಲಸಿ, ಚೆನ್ನಾಗಿ ನಾದಿ, ನೀರಲ್ಲಿ ತೊಳೀರಿ. ಹಾಲಿನಂಥ ನೀರು ಬಿಡ್ತಾ ಹೋಗುತ್ತೆ. ಕೊನೆಗೆ ರಬ್ಬರ್ ಥರ ಒಂದು ಉಂಡೆ ಉಳಿಯುತ್ತೆ ನೋಡಿ, ಅದೇ ನಿಮ್ಮ ಗ್ಲುಟನ್ನು.”

ಅಂಟಣ್ಣನ ಬಾಯಿ ತೆರೆದದ್ದು ತೆರೆದೇ ಇತ್ತು. ಬೇರೆ ಬೈಂಡರುಗಳು ಮೈದಾವನ್ನು ಹಾಗೇ ಕುದಿಸಿ, ಹುಳ ಬಾರದಿರಲೆಂದು ಮೈಲುತುತ್ತ ಬೆರೆಸಿ ಅಂಟು ಮಾಡುತ್ತಾರೆ. ಅಂಟಣ್ಣನ ಗುರು ಅಂಥವನಲ್ಲ. ಹುಳ ಬರುವುದು ಹಿಟ್ಟಿನ ಸತ್ವಕ್ಕೆ, ಸತ್ವ ತೆಗೆದುಬಿಡು, ಅಂಟು ನೂರು ವರ್ಷ ಇರುತ್ತದೆ ಎಂದು ಹೇಳಿಕೊಟ್ಟಿದ್ದ. ಅದರಂತೆ ಅಂಟಣ್ಣ ಮೂವತ್ತು ವರ್ಷದಿಂದ ಪ್ರತಿ ಗುರುವಾರ ಕಣಕ ನಾದಿ, ತೆಳುಬಟ್ಟೆಯಲ್ಲಿ ಕಟ್ಟಿ, ಬಕೆಟ್ಟಿನ ನೀರಲ್ಲಿ ಹಿಸುಕಿ, ಬಿಳಿ ನೀರನ್ನು ಜೋಪಾನವಾಗಿ ಇಟ್ಟುಕೊಂಡು, ಬಟ್ಟೆಯಲ್ಲಿ ಉಳಿದ ರಬ್ಬರಿನಂಥ ಉಂಡೆಯನ್ನು ಮೋರಿಗೆ ಎಸೆಯುತ್ತ ಬಂದಿದ್ದ. ಆ ಉಂಡೆಗಳಿಂದ ಕಚೇರಿಯ ಮೋರಿ ಕಟ್ಟಿಕೊಂಡು ಮೇಲಧಿಕಾರಿಗಳಿಂದ ಮೂರು ಸುತ್ತೋಲೆ ಬಂದಿದ್ದವು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳಂತೆ ಎನ್ನುತ್ತಾರಲ್ಲ, ಆಕೆಯಾದರೂ ಕೂಸನ್ನು ವಾರವಾರ ಮೋರಿಗೆ ಎಸೆದಿರಲಿಲ್ಲ.

ಅಲ್ಲಿಂದ ಮುಂದಿನ ಗುರುವಾರಗಳು ಪ್ರಯೋಗದ ದಿನಗಳಾದವು. ಮೊದಲನೆಯ ಉಂಡೆಯನ್ನು ಅಂಟಿನ ಒಲೆಯ ಮೇಲೆ ಕೊತಕೊತ ಕುದಿಸಿದ. ಅದರಿಂದ ಪೆನ್ಸಿಲ್ಲಿನ ಗೀಟು ಅಳಿಸಬಹುದಾಗಿತ್ತು, ಅಳಿಸಿಯೂ ನೋಡಿದ. ಎರಡನೆಯದಕ್ಕೆ ಬೇಕರಿಯ ಜೀವಂತ ಯೀಸ್ಟು ಹಾಕಿದ. ಅದು ಮಧ್ಯಾಹ್ನದ ಹೊತ್ತಿಗೆ ಮುಚ್ಚಳ ಎತ್ತಿಕೊಂಡು ಹೊರಗೆ ಇಣುಕಿ, ಮೇಜಿನ ಮೇಲಿದ್ದ ಜನನ ಮರಣ ರಿಜಿಸ್ಟರಿನ ಮೇಲೆ ಬಿತ್ತು. ಹೊಗೆಯಾಡಿಸಿದ ಮೆಣಸಿನಪುಡಿಗೆಂದು ಒಣಮೆಣಸನ್ನು ಕೆಂಡದ ಮೇಲೆ ಹಿಡಿದ ದಿನ ಮೂರು ಅಂತಸ್ತಿನ ಕಚೇರಿಯೂ ಒಟ್ಟಿಗೆ ಕೆಮ್ಮಿತು. ಮೇಲಧಿಕಾರಿಗಳು ಮೂಗಿಗೆ ಕರವಸ್ತ್ರ ಹಿಡಿದು ಮೊದಲ ಬಾರಿಗೆ ನೆಲಮಾಳಿಗೆಗೆ ಇಳಿದು ಬಂದರು. ಹುಳಕ್ಕೆ ಹೊಗೆ ಹಾಕುತ್ತಿದ್ದೇನೆ ಸರ್ ಎಂದ ಅಂಟಣ್ಣ. ಅವರು ಅವನ ಕರ್ತವ್ಯನಿಷ್ಠೆಯನ್ನು ಹೊಗಳಿ ಮೇಲೆ ಹತ್ತಿಹೋದರು. ಐದನೆಯ ಗುರುವಾರ, ಸಣ್ಣ ಉರಿಯಲ್ಲಿ ಒಂದು ಗಂಟೆ ಕುದಿಯದ ಹಾಗೆ ಬೇಯಿಸಿ ತೆಗೆದ ಉಂಡೆಯನ್ನು ಕೊಯ್ದು ನೋಡಿದರೆ ಒಳಗೆ ಎಳೆಎಳೆಯಾಗಿ ಸಾಕ್ಷಾತ್ ಮಾಂಸ. ಅಂಟಣ್ಣನಿಗೆ ಕಣ್ಣು ಒದ್ದೆಯಾಯಿತು.

ಭಾನುವಾರ ಬೆಳಿಗ್ಗೆ ತುಂಡುಗಳನ್ನು ಬಟ್ಟಲಲ್ಲಿ ತಂದು ಹೆಂಡತಿಯ ಮುಂದಿಟ್ಟ.

“ಇವತ್ತು ಕಸಾಯಿ ಅಂಗಡಿಗೆ ಹೋಗ್ಬೇಡ. ನಾನೇ ತಂದಿದ್ದೀನಿ. ನಿನ್ನ ಮಸಾಲೆ ಹಾಕಿ ಮಾಡು.”

ಮೂವತ್ತೊಂದು ವರ್ಷ ಮಾಂಸ ಹಿಡಿದ ಕೈ. ಬೆರಳಿನಿಂದ ಒಮ್ಮೆ ಒತ್ತಿದವಳಿಗೆ ಇದು ಯಾವ ಪ್ರಾಣಿಯದೂ ಅಲ್ಲವೆಂದು ತಿಳಿಯಲು ಎಷ್ಟು ಹೊತ್ತು ಬೇಕು? ಆದರೂ ಕೇಳಲಿಲ್ಲ. “ನಿಮಗೆ ತಿನ್ಬೇಕು ಅನ್ನಿಸಿದೆಯಲ್ಲ, ಅಷ್ಟೇ ಸಾಕು,” ಎಂದು ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ಎಂಥ ಅರ್ಥ ಮಾಡಿಕೊಳ್ಳುವ ಹೆಂಡತಿ ಎಂದು ಅಂಟಣ್ಣ ಹಿಗ್ಗಿದ.

ಮಧ್ಯಾಹ್ನ ಭಾಮೈದ ಬಂದು ಕೂತ. ಮೊದಲ ತುತ್ತಿಗೇ ತಲೆಯಾಡಿಸಿದ.

“ಮೂಳೆ ಇಲ್ಲ ಅನ್ನೋದೊಂದು ಬಿಟ್ರೆ ಫಸ್ಟ್ ಕ್ಲಾಸ್, ಅಕ್ಕ. ಬಹಳ ಎಳೇದು. ಎಲ್ಲಿಂದ ತಂದ್ರಿ ಭಾವ?”

ಅಂಟಣ್ಣ ಈ ಗಳಿಗೆಗಾಗಿಯೇ ಕಾದಿದ್ದ. ತುತ್ತು ನುಂಗಿ, ಗಂಟಲು ಸರಿಮಾಡಿಕೊಂಡು, ಹೇಳಿದ.

“ಇದು ಮಾಂಸ ಅಲ್ಲಪ್ಪ. ಗೋಧಿ. ನಾನೇ ಮಾಡಿದ್ದು. ಇನ್ಮೇಲೆ ನಮ್ಮ ಮನೇಲಿ ಭಾನುವಾರ ಇದೇ. ಈ ಪಾತ್ರೇಲಿ ಯಾವ ಪ್ರಾಣೀದೂ ಒಂದು ಹನಿ ಇಲ್ಲ!”

“ಇದೆ,” ಎಂದಳು ಹೆಂಡತಿ.

ಸೌಟು ಅವಳ ಕೈಯಲ್ಲೇ ನಿಂತಿತ್ತು.

“ಏನಿದೆ?”

“ಮೂಳೆ ಬೇಯಿಸಿದ ನೀರಿದೆ. ಇದಕ್ಕೊಂದೇ ಅಲ್ಲ. ಬೀನ್ಸಿಗೂ ಅದೇ ಹಾಕ್ತಿದ್ದೆ, ಕೋಸಿಗೂ ಅದೇ, ಕುಂಬಳಕಾಯಿಗೂ ಅದೇ. ಮೂರು ತಿಂಗಳಿಂದ.”

ಅಂಟಣ್ಣನಿಗೆ ಮೊದಲು ಹೊಳೆದದ್ದು ಪಾಪಪುಣ್ಯದ ಮಾತಲ್ಲ. ಹಾಗಾದರೆ ತರಕಾರಿಗೆ ರುಚಿಯೇ ಬಂದಿರಲಿಲ್ಲವೇ ಎಂಬುದು. ಆಮೇಲೆ ಕಚೇರಿಯ ಉಪದೇಶಗಳೆಲ್ಲ ಒಂದೊಂದಾಗಿ ನೆನಪಾಗಿ ಕಿವಿ ಬಿಸಿಯಾಯಿತು. ಆಮೇಲೆ ಸಿಟ್ಟು ಬಂತು.

“ನನ್ನ ಒಂದು ಮಾತು ಕೇಳ್ಬಾರ್ದಾಗಿತ್ತಾ?”

“ನೀವು ನನ್ನ ಕೇಳಿದ್ರಾ, ಸಾಯೋಕೆ ಹೊರಟಾಗ?”

ಭಾಮೈದನ ಕೈ ತಟ್ಟೆಯಿಂದ ಮೇಲೆ ಬರಲಿಲ್ಲ. ಯಾರು ಸಾಯಲು ಹೊರಟಿದ್ದಾರೆಂದು ಅಂಟಣ್ಣನಿಗೂ ತಿಳಿಯಲಿಲ್ಲ. ಮಾತಿನವಳಲ್ಲದ ಹೆಂಡತಿ ಅಂದು ಮೂರು ತಿಂಗಳ ಮಾತನ್ನೆಲ್ಲ ನಿಂತಲ್ಲೇ ಆಡಿದಳು.

“ಡಾಕ್ಟ್ರು ಹೇಳಿದ್ರು ಅಂದ್ರಿ, ಏನು ಅಂತ ಹೇಳ್ಲಿಲ್ಲ. ದಿನಾ ಸಂಜೆ ಲೇಟಾಗಿ ಬಂದ್ರಿ, ಎಲ್ಲಿಗೆ ಅಂತ ಹೇಳ್ಲಿಲ್ಲ. ಔಷಧಿ ಅಂಗಡಿಯವರು ಬಲಕ್ಕೆ ಮಾತ್ರೆ ತಗೊಂಡ್ರು ಅಂತ ಕಣ್ಣಲ್ಲಿ ನೀರು ಹಾಕ್ಕೊಂಡು ಹೇಳಿದ್ರು. ನಿಮ್ಮ ಪ್ಯಾಂಟುಗಳನ್ನ ನಾಲ್ಕು ಸಲ ಹಿಡಿದು ಹೊಲಿದಿದ್ದೀನಿ ರೀ, ನಿಮಗೇ ಗೊತ್ತಾಗದ ಹಾಗೆ. ಎರಡೂವರೆ ಇಂಚು! ಸಡಿಲ ಆಗಿದ್ದು ನೋಡಿ ನೀವು ಎದೆ ಒಡ್ಕೊಳ್ತೀರೇನೋ ಅಂತ. ನಮ್ಮಪ್ಪಾನೂ ಹೀಗೇ ಮಾಡಿದ್ದು. ಕೊನೇ ಮೂರು ತಿಂಗಳು ಏನು ಬಡಿಸಿದ್ರೂ ಚೆನ್ನಾಗಿದೆ, ಚೆನ್ನಾಗಿದೆ. ನಮಗೆ ನೋವಾಗ್ಬಾರ್ದು ಅಂತ. ನೀವೂ ಅದೇ. ಬೀನ್ಸ್ ಚೆನ್ನಾಗಿದೆ, ಕೋಸು ಚೆನ್ನಾಗಿದೆ. ಮೂವತ್ತೊಂದು ವರ್ಷದಲ್ಲಿ ನೀವು ಯಾವತ್ತಾದ್ರೂ ಕೋಸು ಚೆನ್ನಾಗಿದೆ ಅಂದಿದ್ರಾ?”

ಅಂಟಣ್ಣನಿಗೆ ಬೇರೆ ದಾರಿ ಉಳಿಯಲಿಲ್ಲ. ಮೇಕೆಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. ಚಮಚದ ಅಂಟನ್ನೂ ಬಿಡಲಿಲ್ಲ, ಎರಡನೆಯ ಸಲ ಹಾಕಿಸಿಕೊಂಡದ್ದನ್ನೂ ಬಿಡಲಿಲ್ಲ. ಭಾಮೈದ ನಕ್ಕು ನಕ್ಕು ನೆತ್ತಿಗೇರಿ ನೀರು ಕೇಳಿದ. ಹೆಂಡತಿ ನಗಲಿಲ್ಲ.

“ಮೇಕೆಯಂತೆ! ಸುಳ್ಳು ಹೇಳೋದಕ್ಕೂ ಒಂದು ಮಿತಿ ಬೇಡ್ವಾ? ನನ್ನನ್ನ ಏನು ಎಳೇ ಮಗು ಅಂದ್ಕೊಂಡಿದ್ದೀರಾ?” ಎಂದು ಸೌಟು ಕುಕ್ಕಿ ಒಳಗೆ ಹೋದಳು.

ಮೂರು ತಿಂಗಳು ಹೇಳಿದ ಸುಳ್ಳನ್ನೆಲ್ಲ ಒಂದೂ ಬಿಡದೆ ನಂಬಿದವಳು ಅವನು ಹೇಳಿದ ಒಂದೇ ಒಂದು ನಿಜವನ್ನು ನಂಬಲಿಲ್ಲ. ಸೋಮವಾರ ರಜೆ ಹಾಕಿ ಗಂಡನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಎದೆಗೆ ಕೊಳವೆಯಿಟ್ಟು, ರಕ್ತ ತೆಗೆಸಿ, ಎರಡು ದಿನ ಬಿಟ್ಟು ಕರೆದು, ಕಲ್ಲುಗುಂಡಿನ ಹಾಗಿದ್ದಾರಮ್ಮ, ತೂಕ ಇಳಿದದ್ದೂ ಒಳ್ಳೆಯದೇ ಆಯಿತು ಎಂದರು. ಇವರನ್ನು ನಾನು ನೋಡುತ್ತಿರುವುದೇ ಇದು ಮೊದಲು ಎಂದೂ ಸೇರಿಸಿದರು. ಅಷ್ಟು ಸಾಕಾಯಿತು.

“ಹಾಗಾದ್ರೆ ನೀವು ತೋರಿಸ್ತಿರೋದು ಬೇರೆ ಕಡೆ,” ಎಂದಳು ಮೆಟ್ಟಿಲಿಳಿಯುತ್ತ. “ದೊಡ್ಡ ಆಸ್ಪತ್ರೇಲಿ. ಇವರಿಗೇನು ಗೊತ್ತಿರುತ್ತೆ, ಪಾಪ.”

“ಯಾವ ಆಸ್ಪತ್ರೇನೂ ಇಲ್ಲ ಕಣೇ, ನಿನ್ನಾಣೆ!”

“ಆಣೆ ಬೇರೆ ಹಾಕ್ತೀರಾ,” ಎಂದು ಅವಳು ಅವನ ತೋಳು ಹಿಡಿದುಕೊಂಡಳು, ಮೆಟ್ಟಿಲು ಇಳಿಯುವಾಗ ಅವನು ಬಿದ್ದಾನೆಂದು.

ಒಂದು ಮಾತನ್ನು ಮಾತ್ರ ಅವಳು ನಡೆಸಿಕೊಟ್ಟಳು. ಮೂಳೆಯ ನೀರು ನಿಂತಿತು. ಸಾಯುವವರ ಕೊನೆಯ ಆಸೆಯನ್ನು ಮೀರಬಾರದೆಂದು ಅವಳ ಲೆಕ್ಕ. ಭಾನುವಾರ ಎರಡು ಪಾತ್ರೆ ಒಲೆಗೇರತೊಡಗಿದವು, ತಮ್ಮನಿಗೊಂದು, ಗಂಡನಿಗೊಂದು. ಮೂಳೆಯಿಲ್ಲದೆ ಎಸರಿಗೆ ಮೈ ಬರುವುದಿಲ್ಲ. ಅದು ಅವಳಿಗೂ ಗೊತ್ತಿತ್ತು. ಮೊದಲ ವಾರ ಈರುಳ್ಳಿಯನ್ನು ಕಪ್ಪಗೆ ಸುಟ್ಟು ಹಾಕಿದಳು. ಗೋಧಿ ಮಾಂಸ ಬರೀ ಬಿಸಿನೀರಲ್ಲಿ ಈಜುತ್ತಿತ್ತು. ಇವಳನ್ನು ಇನ್ನು ನೋಯಿಸಬಾರದೆಂದು ಪಣ ತೊಟ್ಟಿದ್ದ ಅಂಟಣ್ಣ ಒಂದು ತುತ್ತು ತಿಂದು, “ಚೆನ್ನಾಗಿದೆ,” ಎಂದ. ಅವಳ ಮುಖ ಇಳಿದುಹೋಯಿತು. ಎರಡನೆಯ ವಾರ ಅಣಬೆ ಅರೆದು ಹಾಕಿದಳು. ಅದು ಕೆಸರಿನ ಬಣ್ಣಕ್ಕೆ ತಿರುಗಿ ಕೆಸರಿನಂತೆಯೇ ಇತ್ತು. ಹೋದ ವಾರ ‘ಚೆನ್ನಾಗಿದೆ’ ಎಂದದ್ದು ಸಾಲಲಿಲ್ಲವೇನೋ ಎಂದುಕೊಂಡು ಅಂಟಣ್ಣ, “ಬಹಳ ಚೆನ್ನಾಗಿದೆ,” ಎಂದ. ಅವಳು ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದಾಯಿತು. ನಲ್ಲಿಯ ಸದ್ದಿನ ಹಿಂದೆ ಇನ್ನೊಂದು ಸದ್ದೂ ಇತ್ತು. ಅವನು ಹೊಗಳಿದಷ್ಟೂ ಅವಳು ಅಳುವುದೇಕೆಂದು ಅಂಟಣ್ಣನಿಗೆ ಅರ್ಥವಾಗಲಿಲ್ಲ. ಪುಸ್ತಕದ ಬೆನ್ನು ನೋಡಿ ವಯಸ್ಸು ಹೇಳಬಲ್ಲವನಿಗೆ ಎದುರಿಗಿದ್ದವಳ ಮುಖ ಓದಲು ಬರುತ್ತಿರಲಿಲ್ಲ.

ಅವಳು ತೆಳ್ಳಗಾಗುತ್ತಿದ್ದಳು. ಬಡಿಸುವಳು, ಎದುರಿಗೆ ಕೂರುವಳು, ತನ್ನ ತಟ್ಟೆಯಲ್ಲಿ ಬೆರಳಾಡಿಸಿ ಎದ್ದುಬಿಡುವಳು. ರಾತ್ರಿ ಎಚ್ಚರವಾದಾಗಲೆಲ್ಲ ಅವಳ ಕೈ ಅವನ ಎದೆಯ ಮೇಲೆ ಇರುತ್ತಿತ್ತು, ಉಸಿರು ಎಣಿಸುತ್ತ. ರೋಗವಿಲ್ಲದ ತನ್ನಿಂದಾಗಿ ಇವಳು ರೋಗ ಹಿಡಿದು ಹೋಗುತ್ತಾಳೆಂದು ಅಂಟಣ್ಣನಿಗೆ ಈಗ ನಿಜವಾದ ಭಯ ಹತ್ತಿತು. ಬೇಕಾದರೆ ನಾಳೆಯಿಂದಲೇ ಮಾಂಸ ತಿನ್ನುತ್ತೇನೆ ಎಂದೂ ಒಂದು ದಿನ ಅಂದ. “ಕೊನೇಗಾಲದಲ್ಲಿ ನನಗೋಸ್ಕರ ಏನೂ ಮಾಡ್ಬೇಡಿ,” ಎಂದಳು.

ಮೂರನೆಯ ಭಾನುವಾರ ಅವಳು ಲವಂಗವನ್ನೂ ಹಾಗಲಕಾಯಿಯನ್ನೂ ಸೇರಿಸಿ ಏನೋ ಮಾಡಿದ್ದಳು. ಭಾಮೈದ ತನ್ನ ಪಾತ್ರೆಯದನ್ನು ಮುಗಿಸಿ, ಭಾವನ ಪಾತ್ರೆಯ ವಾಸನೆ ಹಿಡಿದು, ಕಟ್ಟೆಯಲ್ಲಿ ಲಾರಿ ಕಾಯುತ್ತಿದೆ ಎಂದು ಹೇಳಿ ಜಾರಿಕೊಂಡ. ಅಂಟಣ್ಣ ತುಂಡನ್ನು ಬಾಯಿಗಿಟ್ಟ. ಲವಂಗ ಮೂಗಿಗೆ ಹತ್ತಿತು, ಕಹಿ ಗಂಟಲಲ್ಲಿ ನಿಂತಿತು, ಉಪ್ಪು ಎಲ್ಲೂ ಸಿಗಲಿಲ್ಲ. ಒಳ್ಳೆಯ ಮಾತಾಡಲು ಬಾಯಿ ತೆರೆದ. ಬಾಯಿ ಒಪ್ಪಲಿಲ್ಲ.

“ಚೆನ್ನಾಗಿಲ್ಲ,” ಎಂದ.

ಅವಳು ತಲೆಯೆತ್ತಿದಳು. “ಏನಂದ್ರಿ?”

“ಚೆನ್ನಾಗಿಲ್ಲ ಕಣೇ. ಬಾಯಿಗಿಡೋ ಹಾಗಿಲ್ಲ. ಲವಂಗಾನ ಹಿಡಿಗಟ್ಲೆ ಸುರಿದಿದ್ದೀಯ. ಉಪ್ಪೇ ಇಲ್ಲ. ಹಾಗಲಕಾಯಿ ಯಾಕೆ ಹಾಕ್ದೆ? ಯಾರಾದ್ರೂ ಹಾಕ್ತಾರಾ ಇದಕ್ಕೆ ಹಾಗಲಕಾಯಿ? ಹೋದ ವಾರದ್ದೂ ಕೆಟ್ಟದಾಗಿತ್ತು. ಅದರ ಹಿಂದಿನ ವಾರದ್ದು ಬರೀ ನೀರು!”

ಮದುವೆಯಾದಾಗಿನಿಂದ ಅವಳ ಭಾನುವಾರದ ಅಡುಗೆಯನ್ನು ಅವನು ಹೀಗಳೆದದ್ದು ಇದೇ ಮೊದಲು. ಹೋಯಿತು, ಇಷ್ಟು ತಿಂಗಳು ಯಾವುದನ್ನು ಉಳಿಸಿಕೊಳ್ಳಲು ಒದ್ದಾಡಿದೆನೋ ಅದನ್ನು ಕೈಯಾರೆ ಒಡೆದೆ ಎಂದುಕೊಂಡ.

ಅವಳು ಕೈಚಾಚಿ ಅವನ ತಟ್ಟೆಯಿಂದಲೇ ಒಂದು ತುಂಡು ತೆಗೆದು ಬಾಯಿಗೆ ಹಾಕಿಕೊಂಡಳು. ಅಗಿದಳು. ಮುಖ ಕಿವುಚಿದಳು.

“ಹೌದು, ಥೂ! ಚೆನ್ನಾಗಿಲ್ಲ,” ಎಂದಳು. ಅವಳ ಕಣ್ಣಿಂದ ಬುಳುಬುಳು ನೀರು ಇಳಿಯುತ್ತಿತ್ತು. “ಎಷ್ಟು ಕೊಬ್ಬು ನಿಮಗೆ! ಎರಡು ವಾರ ಯಾಕ್ರೀ ಬಾಯಿ ಮುಚ್ಕೊಂಡಿದ್ರಿ? ಸಾಯೋರು ಯಾರೂ ಹೀಗೆ ಅಡುಗೆಗೆ ಹೆಸರಿಡಲ್ಲ ರೀ. ಯಾರೂ ಇಡಲ್ಲ.”

ಆಮೇಲೆ ಅವಳು ತನ್ನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಆ ಕೆಟ್ಟ ಅಡುಗೆಯನ್ನು ಒಂದು ಸೌಟು ತುಂಬ ಹಾಕಿಕೊಂಡು, ಅವನನ್ನು ಬೈಯುತ್ತ ಬೈಯುತ್ತ ಹೊಟ್ಟೆ ತುಂಬ ಉಂಡಳು.